ಮಮ್ಮಿ ಹಾಡುತ್ತಿದ್ದ ಎರಡನೆಯ ದನಿ

ಮೂರು ನಿಮಿಷದ ಒಂದು ಹಾಡು ನನಗೆ ಆರುನೂರು ರಿಯಾಲಿಗೆ ಬಿತ್ತು. ಹೇಗೆಂದರೆ, ಅಲ್ ರಯ್ಯಾನಿನ ಒಂದು ವಿಲ್ಲಾದಲ್ಲಿ ಎಂಟುನೂರಕ್ಕಿಂತ ಹೆಚ್ಚು ಬಾಳದ ಸೋಫಾ ಸೆಟ್ಟನ್ನು ಹೇಳಿದ ಬೆಲೆಗೆ, ಅಂದರೆ ಸಾವಿರದ ನಾನೂರಕ್ಕೆ ಕೊಂಡೆ. ಕತಾರ್ ಬಿಟ್ಟು ಹೋಗುವ ಕುಟುಂಬಗಳ ಮನೆಸಾಮಾನು ಕೊಂಡು ಹೊಸದಾಗಿ ಬಂದಿಳಿಯುವವರಿಗೆ ಮಾರುವುದು ನನ್ನ ವ್ಯಾಪಾರ. ಇಲ್ಲಿ ಪ್ರತಿ ತಿಂಗಳೂ ಯಾರೋ ಹೊರಡುತ್ತಾರೆ, ಯಾರೋ ಬರುತ್ತಾರೆ, ಇಬ್ಬರಿಗೂ ಅವಸರ. ಅವಸರವಿಲ್ಲದವಳು ನಾನೊಬ್ಬಳೇ, ಅದರಿಂದಲೇ ನನ್ನ ಅನ್ನ. ಹೇಳಿದ ಬೆಲೆ ಕೊಟ್ಟು ಸಾಮಾನು ಎತ್ತಿದವರನ್ನು ಈ ಕಸುಬಿನಲ್ಲಿ ನಾನು ಕಂಡಿಲ್ಲ. ಆ ದಿನ ನಾನೇ ಕೊಟ್ಟೆ. ಮನೆಯೊಡತಿ ಮಲೇಷ್ಯಾದವರು. ಇಲ್ಲಿರುವ ತಮ್ಮವರನ್ನು ಸೇರಿಸಿಕೊಂಡು ಒಂದು ಸಣ್ಣ ಗಾಯನವೃಂದ ನಡೆಸುತ್ತಿದ್ದರು. ತಮ್ಮ ಹಳ್ಳಿಗಳ ಮಲಯ್ ಹಾಡುಗಳನ್ನು ನಾಲ್ಕು ದನಿಗಳಿಗೆ ಹಂಚಿ ಹಾಡಿಸುವುದು ಅವರ ಹವ್ಯಾಸ. ಸೋಫಾದ ಕಾಲು ಅಲುಗಾಡಿಸಿ ನೋಡುತ್ತಾ ನಾನು ಏನೋ ಗುನುಗಿಕೊಂಡಿದ್ದೆ. ಅವರು ಪೆಟ್ಟಿಗೆ ಕಟ್ಟುವುದನ್ನು ಬಿಟ್ಟು ಬಂದು ನಿಂತರು.

"ಮಾತು ನಮ್ಮ ದೋಣಿ ಹಾಡಿನದು. ಆದರೆ ನೀವು ಹಾಡುತ್ತಿರುವುದು ಎರಡನೆಯ ದನಿ. ಇದನ್ನು ಮಾತ್ರ ಯಾರು ಕಲಿಸಿದರು ನಿಮಗೆ?"

ನಾನು ವಿಷಯಕ್ಕೆ ಬಂದೆ. ಉಳಿದ ಮೂರು ದನಿಗಳನ್ನು ಹಾಡಿಸಿ, ಫೋನಿನಲ್ಲಿ ಹಿಡಿದು ಕೊಡಬೇಕು, ಎರಡನೆಯದು ಬೇಡ ಎಂದೆ. ನಾಲ್ಕರಲ್ಲಿ ಒಂದು ಕಡಿಮೆ, ಆದ್ದರಿಂದ ಖರ್ಚಿನಲ್ಲಿಯೂ ಕಾಲುಭಾಗ ಕಡಿಮೆಯಾಗಬೇಕು ಎಂದೂ ಸೇರಿಸಿದೆ. ಅವರು ನಕ್ಕುಬಿಟ್ಟರು.

"ಒಂದು ದನಿ ತೆಗೆದರೆ ಅಕ್ಕಪಕ್ಕದವರು ದಾರಿ ತಪ್ಪುತ್ತಾರೆ. ಇದಕ್ಕೆ ಜಾಸ್ತಿ ಕೇಳಬೇಕು ನಾನು. ಇರಲಿ, ಹಾಡಿಗೆ ದುಡ್ಡು ಬೇಡ. ಸೋಫಾ ಮಾತ್ರ ಸಾವಿರದ ನಾನೂರು, ಮಾತಿಲ್ಲ."

ಎಣಿಸಿ ಕೊಟ್ಟೆ. ನಾನು ಹಾಡಿದ ಸಾಲನ್ನು ಅವರು ಬರೆದುಕೊಂಡು, ಅದಕ್ಕೆ ಹೊಂದುವಂತೆ ಉಳಿದ ಮೂರನ್ನು ಕೂಡಿಸಿ, ವಿಮಾನ ಹತ್ತುವ ಮೊದಲೇ ಕಳುಹಿಸಿಕೊಟ್ಟರು. ಗೋದಾಮಿನಲ್ಲಿ, ಹತ್ತಾರು ಮನೆಗಳ ಸೋಫಾ ಮಂಚಗಳ ನಡುವೆ ಒಬ್ಬಳೇ ಕುಳಿತು ಕೇಳಿದೆ. ಎರಡನೆಯ ದನಿಗೆ ಜಾಗ ಬಿಟ್ಟಿದ್ದರು. ಆ ಜಾಗ ಯಾರದು, ಅದು ಖಾಲಿಯಾದದ್ದು ಹೇಗೆ ಎಂದು ಹೇಳಬೇಕಾದರೆ ನಾನು ಚಿಕ್ಕವಳಿದ್ದಾಗಿನ, ಮೆಸಯೀದ್ ಎಂಬ ಕಾರ್ಖಾನೆ ಪಟ್ಟಣದ ನಮ್ಮ ಮನೆಗೆ ಹೋಗಬೇಕು.

ಕಂಪನಿ ಕಾಲನಿಯಲ್ಲಿ ಒಂದೇ ಅಚ್ಚಿನ ಮನೆಗಳ ಸಾಲು. ಎರಡು ಕೋಣೆ, ಒಂದು ಹಾಲ್, ಉದ್ದಕ್ಕೆ ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸಲು ನಾಲ್ಕು ಹೆಜ್ಜೆ ಅಂಗಳ. ಡ್ಯಾಡಿ ಪ್ಲಾಂಟಿನಲ್ಲಿ ಶಿಫ್ಟ್ ಆಪರೇಟರ್. ಜಗತ್ತು ಎದ್ದಿರುವಾಗ ಅವರು ಮಲಗಬೇಕು. ಅವರು ಮಲಗಿರುವಾಗ ನಮ್ಮ ಮನೆ ಸದ್ದು ಮಾಡಬಾರದು. ಮಲಗುವ ಕೋಣೆಯ ಕಿಟಕಿ ಗಾಜಿಗೆ ಮಮ್ಮಿ ಅಡುಗೆಯ ಬೆಳ್ಳಿಹಾಳೆ ಅಂಟಿಸಿದ್ದಳು. ಫೋನಿಗೆ ಟವೆಲು ಸುತ್ತಿ, ಅದರ ಮೇಲೆ ದಿಂಬು. ಕಾಲಿಂಗ್ ಬೆಲ್ಲಿನೊಳಗೆ ಹತ್ತಿ ತುರುಕಿದ್ದರಿಂದ ಒತ್ತಿದರೆ ನೊಣ ಗುಂಯ್ ಎಂದ ಹಾಗೆ ಕೇಳುತ್ತಿತ್ತು. ಸ್ಟೀಲಿನ ತಟ್ಟೆಗಳು ಕಪಾಟಿನ ಮೇಲೆ ಹೋಗಿ, ಊಟಕ್ಕೆ ಮೆಲಮೈನ್ ತಟ್ಟೆ ಬಂದವು. ಕುಕ್ಕರ್ ಸೀಟಿ ಹೊಡೆಯುತ್ತದೆ ಎಂದು ಕುಚಲಕ್ಕಿಯನ್ನು ತೆರೆದ ಪಾತ್ರೆಯಲ್ಲೇ ಎರಡು ಗಂಟೆ ಬೇಯಿಸುತ್ತಿದ್ದಳು. ಮಿಕ್ಸಿಯಂತೂ ನಮ್ಮ ಮನೆಯಲ್ಲಿ ಇದ್ದೂ ಇಲ್ಲದ ವಸ್ತು. ತೆಂಗಿನತುರಿ, ಹುರಿದ ಮೆಣಸು, ಕೊತ್ತಂಬರಿಯನ್ನು ಪಾತ್ರೆಯಲ್ಲಿ ಹಾಕಿ ಮುಚ್ಚಿ ಎರಡು ಮನೆ ಆಚೆಯ ಫ್ಲೋರಿನ್ ಆಂಟಿಯಲ್ಲಿಗೆ ಹೋಗುವುದು, ಅಲ್ಲಿ ಅರೆದು ತರುವುದು. ಫ್ಲೋರಿನ್ ಆಂಟಿಯೂ ಮಂಗಳೂರು ಕಡೆಯವರೇ. ಅವರ ಗಂಡನಿಗೆ ಆಫೀಸು ಕೆಲಸ, ಆದ್ದರಿಂದ ಅವರ ಮನೆಗೆ ಹಗಲಿಡೀ ಗೌಜಿ ಮಾಡುವ ಅಧಿಕಾರವಿತ್ತು.

"ಬಂದ್ಯಾ ಮಾರಾಯ್ತಿ? ನಿನ್ನ ಗಂಡನ ನಿದ್ದೆಗೆ ನನ್ನ ಮಿಕ್ಸಿ ಸವೆಯುತ್ತಾ ಬಂತು" ಎಂದು ಅವರು ಪ್ರತಿ ದಿನವೂ ಹೇಳುತ್ತಿದ್ದರು.

"ಸವೆದದ್ದಕ್ಕೆ ಬಂಗುಡೆ ಸಾರು ಬರ್ತದಲ್ವಾ ಸಂಜೆ" ಎಂದು ಮಮ್ಮಿಯೂ ಪ್ರತಿ ದಿನ ಹೇಳುತ್ತಿದ್ದಳು.

ನಮ್ಮಲ್ಲಿ ಜಗಳವೂ ಪಿಸುಮಾತಿನಲ್ಲೇ. ಊರಿಗೆ ಯಾವಾಗ ಹೋಗುವುದು, ಯಾರ ಮದುವೆಗೆ ಏನು ಕೊಡುವುದು ಎಂಬ ವಿಷಯಗಳಲ್ಲಿ ಮಮ್ಮಿ ಡ್ಯಾಡಿ ಹಾಲಿನ ಎರಡು ಕೊನೆಗಳಲ್ಲಿ ನಿಂತು ಹಾವುಗಳ ಹಾಗೆ ಬುಸುಗುಟ್ಟುತ್ತಿದ್ದರು. ಸಂಜೆಯ ಜಪಸರವನ್ನೂ ತುಟಿಯಲ್ಲೇ ಹೇಳಿ ಮುಗಿಸುತ್ತಿದ್ದೆವು. ಅರ್ಧ ಪ್ರಾರ್ಥನೆ ಮಮ್ಮಿ, ಉತ್ತರದ ಅರ್ಧ ನಾನು. ನನಗೆ ಒಡಹುಟ್ಟಿದವರಿಲ್ಲ. ಗೆಳತಿಯರನ್ನು ಮನೆಗೆ ಕರೆಯುವ ಹಾಗಿಲ್ಲ. ಕಾಲನಿಯ ಮಕ್ಕಳು ಹೊರಗೆ ಸೈಕಲ್ ಬಿಡುವಾಗ ನಾನು ಟವೆಲು ಸುತ್ತಿದ ಫೋನಿನ ಪಕ್ಕ ಕುಳಿತಿರಬೇಕಿತ್ತು, ಪ್ಲಾಂಟಿನಿಂದ ಕರೆ ಬಂದರೆ ಮೊದಲ ಗುಂಯ್‌ಗೇ ಎತ್ತಬೇಕಲ್ಲ. ಮಾತಾಡದೆ ಗಂಟೆಗಟ್ಟಲೆ ಕೂರುವುದು, ಎದುರಿಗಿದ್ದವರ ಮುಖ ನೋಡಿಯೇ ಅವರ ಮನಸ್ಸಿನಲ್ಲಿ ಎಷ್ಟಿದೆ ಎಂದು ಅಂದಾಜು ಮಾಡುವುದು ನಾನು ಅಲ್ಲಿ ಕಲಿತ ವಿದ್ಯೆ. ಅದು ಮುಂದೆ ವ್ಯಾಪಾರಕ್ಕೆ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಒಂಬತ್ತು ವರ್ಷದ ಹುಡುಗಿಗೆ ಅದು ಬೇಕಾದ ವಿದ್ಯೆಯಾಗಿರಲಿಲ್ಲ.

ಆ ಮನೆಯಲ್ಲಿ ಒಂದೇ ಒಂದು ಸದ್ದಿಗೆ ಅನುಮತಿ ಇತ್ತು: ಇಸ್ತ್ರಿ ಹಾಕುವಾಗ ಮಮ್ಮಿಯ ಹಾಡು. ಅವಳದು ತಗ್ಗಿನ, ಬೆಚ್ಚಗಿನ ಕಂಠ. ಗೋಡೆ ದಾಟಿ ಹೋಗುತ್ತಿರಲಿಲ್ಲ. ಮದುವೆಗೆ ಮೊದಲು ಉಡುಪಿ ಕಡೆಯ ತನ್ನ ಊರಿನ ಇಗರ್ಜಿಯಲ್ಲಿ ಹಾಡುತ್ತಿದ್ದವಳು. ಅಂಗಳದಲ್ಲಿ ಬಟ್ಟೆ ಹರಡುತ್ತಾ ಹಾಡಿಕೊಳ್ಳುತ್ತಿದ್ದಾಗ ಹಿಂದಿನ ಸಾಲಿನ ರೊಹಾನಿ ಆಂಟಿ ಗೋಡೆಯ ಮೇಲಿಂದ ತಲೆ ಹಾಕಿದರಂತೆ. ರೊಹಾನಿ ಆಂಟಿ ಮಲಯ್ ಎಂಜಿನಿಯರೊಬ್ಬರ ಹೆಂಡತಿ, ಊರಿನಲ್ಲಿ ಶಾಲೆಯ ಸಂಗೀತ ಟೀಚರ್ ಆಗಿದ್ದವರು. ಕಾಲನಿಯ ಮಲಯ್ ಹೆಂಗಸರನ್ನು ಸೇರಿಸಿ ಗಾಯನವೃಂದ ಕಟ್ಟುತ್ತಿದ್ದರು. ಚಳಿಗಾಲದ ಕಂಪನಿ ಫ್ಯಾಮಿಲಿ ಡೇಗೆ ಹಾಡಬೇಕು. ಕಷ್ಟವೆಂದರೆ ಬಂದವರೆಲ್ಲ ರಾಗ ಬಲ್ಲವರು, ಚಿಕ್ಕಂದಿನಿಂದ ಹಾಡಿಕೊಂಡು ಬಂದವರು. ಆ ರಾಗದ ಕೆಳಗೆ ಇನ್ನೊಂದು ದನಿಯಲ್ಲಿ ಅಲುಗಾಡದೆ ನಿಲ್ಲಲು ಯಾರಿಗೂ ಆಗುತ್ತಿರಲಿಲ್ಲ. ಎರಡು ಸಾಲು ಕಳೆಯುವಷ್ಟರಲ್ಲಿ ಜಾರಿ ರಾಗಕ್ಕೇ ಬಂದುಬಿಡುತ್ತಿದ್ದರು. ಆ ರಾಗಗಳನ್ನೇ ಮೊದಲು ಕೇಳಿರದ ಮಮ್ಮಿಗೆ ಜಾರಲು ಜಾಗವೇ ಇರಲಿಲ್ಲ. ಎರಡನೆಯ ದನಿಯಲ್ಲಿ ಅವಳೊಬ್ಬಳೇ ಆದಳು. ಮೂರನೆಯ ನಾಲ್ಕನೆಯ ದನಿಗೆ ಪ್ಲಾಂಟಿನ ಕೆಲವು ಗಂಡಸರು.

ರೊಹಾನಿ ಆಂಟಿಯ ಕೆಲಸದ ಕ್ರಮ ಹೀಗಿತ್ತು: ಪ್ರತಿ ದನಿಗೂ ಬೇರೆ ಬೇರೆ ಕ್ಯಾಸೆಟ್. ಪುಟ್ಟ ಕೀಬೋರ್ಡಿನ ಮುಂದೆ ಕುಳಿತು ಆ ದನಿಯ ಸಾಲನ್ನು ಮಾತ್ರ ತಾವೇ ಹಾಡಿ ಕೊಡುತ್ತಿದ್ದರು. ಮನೆಯಲ್ಲಿ ಕಲಿಯಬೇಕು, ವಾರಕ್ಕೊಮ್ಮೆ ಶುಕ್ರವಾರ ಬೆಳಿಗ್ಗೆ ಅವರ ಹಾಲಿನಲ್ಲಿ ಕೂಡಿಸಬೇಕು. ಅಭ್ಯಾಸಕ್ಕೆ ಮಕ್ಕಳು ಬರಬಾರದು. ಮಮ್ಮಿ ಕ್ಯಾಸೆಟ್ಟನ್ನು ಇಯರ್‌ಫೋನಿನಲ್ಲಿ ಕೇಳುತ್ತಿದ್ದಳು, ಡ್ಯಾಡಿಯ ನಿದ್ದೆ ಇತ್ತಲ್ಲ. ನನಗೆ ಕೇಳುತ್ತಿದ್ದದ್ದು ಅವಳ ಬಾಯಿಂದ ಬಂದದ್ದಷ್ಟೇ. ಮಾತುಗಳನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. ದನಿ ಏರಿಸುವಲ್ಲಿ ಮೇಲಕ್ಕೊಂದು ಬಾಣ, ಇಳಿಸುವಲ್ಲಿ ಕೆಳಕ್ಕೊಂದು ಬಾಣ. ನಡುನಡುವೆ ಸುಕಾ, ದುಕಾ, ಮುಕಾ ಎಂಬ ಪದಗಳು ಸಿಕ್ಕಿ ಅವು ನಮ್ಮ ಸುಖ, ದುಃಖ, ಮುಖವೇ ಎಂದು ತಿಳಿದಾಗ ಅವಳು ಸಂಬಂಧಿಕರನ್ನು ಕಂಡಷ್ಟು ಹಿಗ್ಗಿದ್ದಳು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನಾನು ಕನ್ನಡ ಅಕ್ಷರ ಕಲಿತದ್ದು ಆ ಪುಸ್ತಕವನ್ನು ನಕಲು ಮಾಡಿ. ನನ್ನ ಕೈಯ ಮೊದಲ ಕನ್ನಡ ಬರಹ ಮಲಯ್ ಭಾಷೆಯಲ್ಲಿತ್ತು. ಹಾಡುಗಳ ಕಟ್ಟು ಹೇಗೆಂದೂ ಮಮ್ಮಿ ಹೇಳುತ್ತಿದ್ದಳು: ನಾಲ್ಕು ಸಾಲಿನಲ್ಲಿ ಮೊದಲ ಎರಡು ಹೊರಗಿನ ಮಾತು, ದೋಣಿಯೋ ಹಕ್ಕಿಯೋ ಬಾಳೆಗಿಡವೋ, ಕೊನೆಯ ಎರಡು ಒಳಗಿನದು. ಹೊರಗಿನದನ್ನು ಹೇಳಿ ಮುಗಿಸದೆ ಒಳಗಿನದಕ್ಕೆ ಹೋಗುವ ಹಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾಡುತ್ತಿದ್ದದ್ದು ದೋಣಿ ಹಾಡು. ಅವಳ ಸಾಲು ಹೆಚ್ಚು ಹತ್ತುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಒಂದೇ ಸ್ವರದ ಮೇಲೆ ನಿಂತು, ಸ್ವಲ್ಪ ಪಕ್ಕಕ್ಕೆ ಸರಿದು, ಮತ್ತೆ ಅಲ್ಲಿಗೇ ಬರುತ್ತಿತ್ತು. ನಡುವೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಆಗ ಮಮ್ಮಿ ಇಸ್ತ್ರಿ ಮೇಜಿನ ಮೇಲೆ ಬೆರಳಿನಿಂದ ಒಂದು, ಎರಡು, ಮೂರು ಎಂದು ತಟ್ಟುತ್ತಿದ್ದಳು.

"ಯಾಕೆ ನಿಲ್ಲಿಸಿದಿ?"

"ಅಲ್ಲಿ ಬೇರೆಯವರಿಗೆ ಉಂಟು. ನಾನು ಕಾಯ್ಬೇಕು."

ಬೇರೆಯವರು ಎಂದರೆ ಜಪಸರದ ಹಾಗೆ ಎಂದು ನಾನು ತಿಳಿದೆ. ಅರ್ಧ ನೀನು, ಅರ್ಧ ನಾನು. ಎಲ್ಲರದ್ದೂ ಒಂದೇ ರಾಗ, ಸರದಿಯ ಮೇಲೆ. ಒಂದೇ ಹೊತ್ತಿಗೆ ಬೇರೆ ಬೇರೆ ರಾಗ ಹಾಡುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ವಿಷಯವೆಂದು ಮಮ್ಮಿಗೆ ಹೊಳೆದಿರಲಿಕ್ಕಿಲ್ಲ. ಹೀಗಾಗಿ ಆ ಸಾಲೇ ನನಗೆ ಹಾಡು. ಸ್ನಾನ ಮಾಡುವಾಗ, ಫೋನಿನ ಪಕ್ಕ ಕೂತಾಗ, ನಡುವೆ ನಿಲ್ಲುವ ಕಡೆ ನಿಲ್ಲಿಸಿ, ಬೆರಳು ತಟ್ಟಿ, ಪೂರ್ತಿ ಹಾಡಿಕೊಳ್ಳುತ್ತಿದ್ದೆ. ನಿಲುಗಡೆಗಳು ನನಗೆ ಬಹಳ ಇಷ್ಟವಾಗಿದ್ದವು.

ಶಾಲೆಯ ಬಸ್ಸು ಮೆಸಯೀದಿನಿಂದ ದೋಹಾಕ್ಕೆ ಒಂದು ಗಂಟೆ. ಆ ವರ್ಷ ಸಿತಿ ಎಂಬ ಮಲಯ್ ಹುಡುಗಿ ಹೊಸದಾಗಿ ಬಂದಳು. ಯಾರೂ ಅವಳ ಪಕ್ಕ ಕುಳಿತಿರಲಿಲ್ಲ. ನನ್ನ ಪಕ್ಕವೂ ಸಾಮಾನ್ಯವಾಗಿ ಖಾಲಿ. ಇವಳನ್ನು ಗೆಳತಿ ಮಾಡಿಕೊಳ್ಳಬೇಕೆಂದು ನನ್ನಲ್ಲಿದ್ದ ಬೆಲೆಬಾಳುವ ಏಕೈಕ ವಸ್ತುವನ್ನು ಹೊರತೆಗೆದೆ: ನಿಮ್ಮ ಹಾಡು ನನಗೆ ಗೊತ್ತು ಎಂದು ದೋಣಿ ಹಾಡು ಹಾಡಿದೆ. ಅವಳು ಕಣ್ಣರಳಿಸಿ ಕೇಳಿದಳು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ನಗು ತಡೆಯಲಾಗಲಿಲ್ಲ.

"ಮಾತು ಸರಿ. ರಾಗ ಇದಲ್ಲವೇ ಅಲ್ಲ. ನೀನು ಯಾಕೆ ಒಂದೇ ಕಡೆ ನಿಂತಿದ್ದಿ?"

ಆಮೇಲೆ ಅವಳು ಹಾಡಿದಳು. ನಿಜವಾದ ರಾಗ ನೀರಿನಿಂದ ಮೇಲೆದ್ದು ಮತ್ತೆ ಬೀಳುವ ದೋಣಿಯ ಹುಟ್ಟಿನ ಹಾಗೆ ತೂಗುತ್ತಿತ್ತು. ಒಮ್ಮೆ ಕೇಳಿದವರಿಗೆ ಬಾಯಿಗೆ ಹತ್ತುವಂಥದು. ಹಿಂದಿನ ಸೀಟಿನವರು ಎರಡನೇ ಸಲಕ್ಕೇ ಸೇರಿಕೊಂಡರು, ದಾರಿಯ ಅಲ್ ವಕ್ರಾ ಊರು ದಾಟುವಷ್ಟರಲ್ಲಿ ಇಡೀ ಬಸ್ಸು ಹಾಡುತ್ತಿತ್ತು. ಯಾರೋ ನನ್ನ ಸಾಲನ್ನು ಅಣಕಿಸಿ ಹಾಡಿದರು, ನಿಲುಗಡೆ ಸಮೇತ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ನಾಚಿಕೆ ಸ್ವಲ್ಪ ಹೊತ್ತು ಇತ್ತು. ಅದರ ಹಿಂದೆಯೇ ಸಿಟ್ಟು ಬಂತು. ನಮಗೆ ಮೋಸವಾಗಿದೆ ಎನ್ನಿಸಿತು. ಒಳ್ಳೆಯದನ್ನು ತಮ್ಮವರಿಗೆ ಇಟ್ಟುಕೊಂಡು, ಉಳಿದ ತುಂಡನ್ನು ನಮ್ಮ ಮಮ್ಮಿಗೆ ದಾಟಿಸಿದ್ದಾರೆ; ಭಾಷೆ ಬಾರದ ಪಾಪದವಳು ಅದನ್ನೇ ಹಾಡೆಂದು ಇಸ್ತ್ರಿ ಹಾಕುತ್ತಾ ಹಾಡುತ್ತಿದ್ದಾಳೆ.

ಸಂಜೆ ಮಸಾಲೆ ಪಾತ್ರೆ ಹಿಡಿದು ಮಮ್ಮಿಯ ಜೊತೆ ಫ್ಲೋರಿನ್ ಆಂಟಿಯಲ್ಲಿಗೆ ಹೋದವಳು ಅಲ್ಲೇ ಕೇಳಿಬಿಟ್ಟೆ.

"ಮಮ್ಮಿ, ನಿನಗೆ ನಿಜವಾದ ರಾಗ ಯಾಕೆ ಕೊಡ್ಲಿಲ್ಲ ಅವರು?"

"ರಾಗ ಮೊದಲನೇ ದನಿಯವರಿಗೆ. ನನ್ನದು ಎರಡನೇದು."

ಫ್ಲೋರಿನ್ ಆಂಟಿ ಮಿಕ್ಸಿ ನಿಲ್ಲಿಸಿದರು. "ಅಂದ್ರೆ ಮೀನು ಅವರಿಗೆ, ನಿನಗೆ ಸಾರು."

"ಸಾರೇ ರುಚಿ ಅಲ್ವಾ" ಎಂದು ಮಮ್ಮಿ ನಕ್ಕಳು. ಆ ನಗುವನ್ನು ಇವತ್ತು ನೆನೆಸಿಕೊಂಡರೆ ಅದರಲ್ಲಿ ಒಂದು ಚೂರೂ ನೋವು ಕಾಣುವುದಿಲ್ಲ. ಆವತ್ತು ನನಗೆ ಅದು ಸೋತವರ ನಗುವಾಗಿ ಕಂಡಿತು. ಎದುರಿಗಿದ್ದವರ ಮುಖ ಓದುವುದರಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದೇ.

ಮರುದಿನ ಶಾಲೆಯಿಂದ ಬಂದವಳು, ಬ್ಯಾಗು ಕೂಡ ಇಳಿಸದೆ, ಹಿಂದಿನ ಸಾಲಿಗೆ ಹೋಗಿ ರೊಹಾನಿ ಆಂಟಿಯ ಬಾಗಿಲು ತಟ್ಟಿದೆ. ಅವರು ಒಳಗೆ ಕರೆದು, ತೆಂಗಿನಹಾಲಿನ ಹಸಿರು ಕಡುಬು ತಟ್ಟೆಗೆ ಹಾಕಿದರು. ನಾನು ಮುಟ್ಟಲಿಲ್ಲ. ತಿಂದರೆ ಮಾತು ಸಡಿಲವಾಗುತ್ತದೆ ಎಂದು ಆಗಲೇ ಗೊತ್ತಿತ್ತು.

"ಮಮ್ಮಿ ಹೇಳಿ ಕಳಿಸಿದ್ದಾಳೆ. ಅವಳಿಗೂ ನಿಜವಾದ ರಾಗ ಬೇಕಂತೆ. ಇಲ್ಲದಿದ್ದರೆ ಇನ್ನು ಬರುವುದಿಲ್ಲವಂತೆ."

"ಹೌದಾ? ನನ್ನ ಹತ್ತಿರ ಅವರೇ ಹೇಳಬಹುದಿತ್ತಲ್ಲ."

"ನಿಮಗೆ ಬೇಜಾರಾಗುತ್ತದೆ ಎಂದು. ಮತ್ತೆ ದೋಹಾದ ನಮ್ಮ ಪ್ರಾರ್ಥನಾ ಕೂಟದವರೂ ಹಾಡಲು ಕರೆಯುತ್ತಿದ್ದಾರೆ."

ಇದರಲ್ಲಿ ಒಂದು ಮಾತೂ ನಿಜವಲ್ಲ. ಬೇರೆ ಗಿರಾಕಿ ಇದ್ದಾನೆ ಎಂದು ಸೂಚಿಸಿ ಸುಮ್ಮನಾಗುವುದು ನನಗೆ ಯಾರೂ ಕಲಿಸಿದ್ದಲ್ಲ, ತಾನಾಗಿ ಬಂತು. ರೊಹಾನಿ ಆಂಟಿ ಬಹಳ ಹೊತ್ತು ನನ್ನನ್ನು ನೋಡಿದರು. ಸೂಕ್ಷ್ಮ ಮನಸ್ಸಿನ ಹೆಂಗಸು. ಬೇರೆ ದೇಶದವಳೊಬ್ಬಳು ಬಾಯಿಬಿಟ್ಟು ಕೇಳಲಾರದೆ ಮಗಳನ್ನು ಕಳಿಸಿದ್ದಾಳೆ ಎಂದೇ ನಂಬಿದರು.

"ಸರಿ. ಹೇಳಿಕಳಿಸಿದ ವಿಷಯ ನಾನು ಅವರ ಹತ್ತಿರ ಎತ್ತುವುದಿಲ್ಲ. ಮೊದಲನೇ ದನಿಗೆ ಹಾಕುತ್ತೇನೆ."

ಬದುಕಿನ ಮೊದಲ ವ್ಯವಹಾರ ಐದು ನಿಮಿಷದಲ್ಲಿ ಖಲಾಸ್. ಮನೆಗೆ ಓಡುತ್ತಾ ಬಂದೆ.

ಶುಕ್ರವಾರ ಮಮ್ಮಿ ಅಭ್ಯಾಸದಿಂದ ಬಂದು ಚಪ್ಪಲಿ ಬಿಡದೆ ಹಾಲಿನಲ್ಲಿ ನಿಂತಳು. ಕೈಯಲ್ಲಿ ಬೇರೆ ಕ್ಯಾಸೆಟ್ ಇತ್ತು.

"ನನ್ನನ್ನು ಆಚೆ ಸಾಲಿಗೆ ಹಾಕಿದ್ರು. ಎರಡನೇದಕ್ಕೆ ಒಬ್ಬಳು ಫಿಲಿಪಿನೋ ನರ್ಸ್ ಬಂದಿದ್ದಾಳೆ, ಫ್ಲೋರಿನ್‌ಗೂ ಹೇಳ್ತಾರಂತೆ." ಕ್ಯಾಸೆಟ್ಟನ್ನು ತಿರುವಿ ನೋಡಿ, "ಇಷ್ಟು ದಿನ ನಾನು ತಪ್ಪು ಹಾಡ್ತಿದ್ದೆನೋ ಏನೋ" ಎಂದಳು.

ಇಲ್ಲ ಮಮ್ಮಿ, ನಾನು ಕೇಳಿ ತಂದದ್ದು ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳ ಮುಖದಲ್ಲಿ ನಾನು ಎದುರು ನೋಡಿದ್ದ ಸಂತೋಷ ಇರಲಿಲ್ಲ. ಸಂತೋಷ ಬಂದ ಮೇಲೆ ಹೇಳೋಣ ಎಂದುಕೊಂಡೆ. ಒಳಗೆ ಡ್ಯಾಡಿ ಮಗ್ಗುಲು ಬದಲಿಸಿದ ಸದ್ದಾಯಿತು, ಇಬ್ಬರೂ ಸುಮ್ಮನಾದೆವು. ಆಮೇಲೆ ಇಸ್ತ್ರಿ ಮೇಜಿನ ಮುಂದೆ ಅವಳು ಹೊಸ ರಾಗ ಕಲಿಯಲು ಪ್ರಯತ್ನಿಸಿದಳು. ಅದು ಎತ್ತರಕ್ಕೆ ಹೋಗುವ ರಾಗ. ಎತ್ತರಕ್ಕೆ ಹೋದರೆ ದನಿ ದೊಡ್ಡದಾಗುತ್ತದೆ. ದೊಡ್ಡದಾದರೆ ಡ್ಯಾಡಿಗೆ ಎಚ್ಚರ. ಒಂದು ದಿನ ಕೋಣೆಯ ಬಾಗಿಲು ಸ್ವಲ್ಪ ತೆರೆಯಿತು.

"ಎಂತ ಅದು ಮಾರಾಯ್ತಿ? ಮೊದಲಿನದ್ದೇ ಸಮಾ ಇತ್ತಲ್ಲ, ಅದಕ್ಕೆ ನಿದ್ದೆ ಬರ್ತಿತ್ತು."

ಅಲ್ಲಿಗೆ ಮನೆಯಲ್ಲಿ ಅಭ್ಯಾಸ ನಿಂತಿತು.

ಫ್ಯಾಮಿಲಿ ಡೇ ಕಾಲನಿಯ ಹುಲ್ಲುಹಾಸಿನ ಮೇಲೆ. ಮಮ್ಮಿ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಡ್ಯಾಡಿಗೆ ರಜೆ, ಪ್ಯಾಂಟಿಗೆ ಗೆರೆ ಬರುವ ಹಾಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು. ನಾನು ಮೊದಲ ಸಾಲಿನಲ್ಲಿ ಕುಳಿತೆ. ವೃಂದ ಹಾಡಲು ತೊಡಗಿದಾಗ ನನಗೆ ಮೊದಲ ಸಲ ಗೊತ್ತಾಯಿತು, ಹಾಡೆಂದರೆ ಏನೆಂದು. ಕೆಳಗೆ ಗಂಡಸರ ದನಿ ನೀರಿನ ಹಾಗೆ, ಮೇಲೆ ರಾಗ, ನಡುವೆ ಮಮ್ಮಿಯ ಸಾಲು. ನಾನು ಹಾಡಿಕೊಳ್ಳುತ್ತಿದ್ದ ಅದೇ ಸಾಲು, ಅದೇ ನಿಲುಗಡೆಗಳು. ಅದು ಒಂದೇ ಕಡೆ ನಿಂತಿದ್ದರಿಂದಲೇ ಮೇಲಿನದಕ್ಕೆ ತೂಗಲು ಆಗುತ್ತಿತ್ತು. ಆ ಸಾಲಿನಲ್ಲಿ ಈಗ ನಿಂತದ್ದು ಫ್ಲೋರಿನ್ ಆಂಟಿ ಮತ್ತು ಆ ನರ್ಸ್. ಇಬ್ಬರೂ ಪದೇ ಪದೇ ಜಾರಿ ರಾಗಕ್ಕೆ ಬರುತ್ತಿದ್ದರು, ಆಗೆಲ್ಲ ಹಾಡು ತೆಳ್ಳಗಾಗುತ್ತಿತ್ತು. ಮಮ್ಮಿ ಏಳು ಹೆಂಗಸರ ಸಾಲಿನಲ್ಲಿ ಕೊನೆಗೆ ನಿಂತಿದ್ದಳು. ರಾಗ ಎತ್ತರಕ್ಕೆ ಏರುವ ಕಡೆ ಅವಳ ಬಾಯಿ ಎಲ್ಲರಂತೆ ತೆರೆದಿತ್ತು, ಕುತ್ತಿಗೆಯ ನರ ಮಾತ್ರ ಅಲುಗಲಿಲ್ಲ. ಅವಳು ಹಾಡುತ್ತಿರಲಿಲ್ಲ, ಬರೇ ಬಾಯಿ ಆಡಿಸುತ್ತಿದ್ದಳು. ಜಪಸರದಲ್ಲಿ ತುಟಿ ನೋಡಿ ನೋಡಿ ಅಭ್ಯಾಸವಾಗಿದ್ದ ನನಗೆ ಅದು ಗೊತ್ತಾಗದೆ ಇರುವಂತಿರಲಿಲ್ಲ.

ಮನೆಗೆ ನಡೆಯುವಾಗ ಡ್ಯಾಡಿ ಖುಷಿಯಲ್ಲಿದ್ದರು.

"ಲಾಯಕ್ ಆಯ್ತು. ಆದ್ರೆ ನಿಂದು ಎಲ್ಲೂ ಕೇಳ್ಲೇ ಇಲ್ಲ ಮಾರಾಯ್ತಿ. ಎಷ್ಟು ಕಿವಿಗೊಟ್ಟೆ."

"ತುಂಬಾ ಜನ ಉಂಟಲ್ಲ ಅಲ್ಲಿ" ಎಂದಳು ಮಮ್ಮಿ.

ಮುಂದಿನ ಶುಕ್ರವಾರ ಅವಳು ಹೋಗಲಿಲ್ಲ, ಇಸ್ತ್ರಿ ಬಾಕಿ ಇತ್ತು. ಅದರ ಮುಂದಿನ ಶುಕ್ರವಾರ ತಲೆನೋವು. ಮೂರನೆಯ ವಾರ ರೊಹಾನಿ ಆಂಟಿಯೇ ಬಂದರು. ಬೆಲ್ ಒತ್ತದೆ, ನಮ್ಮ ಮನೆಯ ರೀತಿ ತಿಳಿದು, ಉಗುರಿನಿಂದ ಬಾಗಿಲು ತಟ್ಟಿದರು. ಹಾಲಿನಲ್ಲಿ ಇಬ್ಬರೂ ಪಿಸುಮಾತಿನಲ್ಲಿ ಮಾತಾಡಿದರು. ನಾನು ಫೋನಿನ ಪಕ್ಕ ನನ್ನ ಜಾಗದಲ್ಲಿದ್ದೆ.

"ವಾಪಸು ಬನ್ನಿ. ಎರಡನೆಯ ದನಿಯಲ್ಲಿ ನಿಮ್ಮ ಹಾಗೆ ನಿಲ್ಲುವವರು ನನಗೆ ಸಿಕ್ಕಿಲ್ಲ."

"ಚೆನ್ನಾಗಿಲ್ಲ ಅಂತ ನೀವೇ ತೆಗೆದದ್ದಲ್ವಾ?" ಮಮ್ಮಿಯ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಳು, ಅಷ್ಟೇ.

ರೊಹಾನಿ ಆಂಟಿ ತಿರುಗಿ ನನ್ನನ್ನು ನೋಡಿದರು. ಆ ಕ್ಷಣದಲ್ಲಿ ಅವರಿಗೆ ಎಲ್ಲವೂ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಅವರು ಕಾದರು. ಅವಕಾಶ ಕೊಟ್ಟು ಕಾದರು. ಹಾಡಿನ ನಡುವೆ ನಿಲುಗಡೆ ಇರುವುದು ಬೇರೆಯವರಿಗಾಗಿ ಎಂದು ಮ‌ಮ್ಮಿ ಹೇಳಿದ್ದಳಲ್ಲ, ಅಂಥದೇ ಒಂದು ನಿಲುಗಡೆಯನ್ನು ನನಗಾಗಿ ಬಿಟ್ಟಿದ್ದರು. ನಾನು ಫೋನಿಗೆ ಸುತ್ತಿದ ಟವೆಲಿನ ಅಂಚನ್ನು ಮಡಚುತ್ತಾ ಕುಳಿತೆ.

"ಇಲ್ಲ ಇಲ್ಲ, ಮೇಲಿನ ದನಿ ನಿಮಗೆ ಒಪ್ಪುತ್ತದೆ ಎನ್ನಿಸಿತು, ಅದಕ್ಕೆ" ಎಂದರು ರೊಹಾನಿ ಆಂಟಿ ಕೊನೆಗೆ. ನನ್ನನ್ನು ಹಿಡಿದುಕೊಡಲಿಲ್ಲ. ಮಮ್ಮಿಗೆ ಅದು ಮರ್ಯಾದೆಯ ಮಾತಿನ ಹಾಗೆ ಕೇಳಿತು. "ಪರವಾಗಿಲ್ಲ, ಈಗ ಅಲ್ಲಿ ಇಬ್ಬರಿದ್ದಾರೆ, ಸಾಕಾಗ್ತದೆ" ಎಂದು ಚಾ ಮಾಡಲು ಎದ್ದಳು. ಬೇಸಿಗೆ ರಜೆಗೆ ಮೊದಲೇ ರೊಹಾನಿ ಆಂಟಿಯ ಗಂಡನಿಗೆ ಬೇರೆ ದೇಶಕ್ಕೆ ವರ್ಗವಾಯಿತು, ವೃಂದ ಚದುರಿತು.

ಮಮ್ಮಿ ಮತ್ತೆ ಹಾಡಲಿಲ್ಲ. ಶಪಥ ಮಾಡಿದವರಂತೆ ನಿಲ್ಲಿಸಿದಳೆಂದಲ್ಲ. ಹಾಡು ಬರುವ ಹೊತ್ತು ಬಂದು, ಹಾಡದೆ ಹೋಗುತ್ತಿತ್ತು. ಇಸ್ತ್ರಿಯ ಆವಿ ಬುಸ್ ಎನ್ನುವುದು, ಹ್ಯಾಂಗರು ಸರಳಿಗೆ ತಾಗುವುದು, ಎಸಿಯ ಒಂದೇ ಸಮನೆ ಗುಂಯ್. ನಾನು ಅವಳ ಸಾಲನ್ನು ಅವಳ ಮುಂದೆ ಗುನುಗಿ ನೋಡಿದೆ, ಸೇರಿಕೊಳ್ಳಬಹುದೆಂದು. ಅವಳು "ಡ್ಯಾಡಿ ಮಲಗಿದ್ದಾರೆ" ಎಂದಳು. ಅದಾದ ಮೇಲೆ ಆ ಮನೆಯಲ್ಲಿ ಎಂಟು ವರ್ಷ ಇದ್ದೆವು. ಎಂಟು ವರ್ಷವೂ ಪ್ರತಿ ಶುಕ್ರವಾರ ಹೇಳಬೇಕೆಂದುಕೊಳ್ಳುತ್ತಿದ್ದೆ. ದಿನ ಕಳೆದಷ್ಟೂ ವಿಷಯ ದೊಡ್ಡದಾಗುತ್ತಾ ಹೋಯಿತು; ಮೊದಲ ವಾರ ಹೇಳಿದ್ದರೆ ಒಂದು ಏಟಿನಲ್ಲಿ ಮುಗಿಯುತ್ತಿದ್ದದ್ದು ಆಮೇಲಾಮೇಲೆ ಹೇಳಲಾಗದ ಅಪರಾಧವಾಯಿತು. ದೊಡ್ಡವಳಾದ ಮೇಲೆ ಅದೇ ವಿಷಯ ಹೇಳಲು ನಾಚಿಕೆಯಾಗುವಷ್ಟು ಚಿಕ್ಕದಾಯಿತು. ಎರಡರ ನಡುವೆ ಎಲ್ಲೋ ಒಂದು ಸರಿಯಾದ ದಿನ ಇದ್ದಿರಬೇಕು, ನನಗೆ ಸಿಗಲಿಲ್ಲ.

ಡ್ಯಾಡಿ ತೀರಿಕೊಂಡು, ಮಮ್ಮಿ ಅಲ್ ರಯ್ಯಾನಿನ ನನ್ನ ಫ್ಲ್ಯಾಟಿನಲ್ಲಿ ಇರಲು ಬಂದ ಮೇಲೆ ಕೊನೆಗೂ ಹೇಳಿದೆ. ಬೆಳಗಿನ ಹೊತ್ತು, ಸಿಂಕಿನ ಮುಂದೆ ಇಬ್ಬರೂ ಬೂತಾಯಿ ಮೀನು ಶುಚಿ ಮಾಡುತ್ತಿದ್ದೆವು. ಬಸ್ಸು, ಸಿತಿ, ಹಸಿರು ಕಡುಬು, ನಾನು ಹೇಳಿದ ಸುಳ್ಳು, ಟವೆಲಿನ ಅಂಚು, ಒಂದನ್ನೂ ಬಿಡದೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ತಲೆ ಮುರಿದು, ಕರುಳು ತೆಗೆದು, ತೊಳೆದು, ಒಂದೊಂದಾಗಿ ತಟ್ಟೆಗೆ ಇಡುತ್ತಾ ಹೋದಳು. ಕ್ಷಮಿಸುತ್ತಾಳೆ ಎಂದೋ ಬೈಯುತ್ತಾಳೆ ಎಂದೋ ಕಾದೆ. ಎರಡಕ್ಕೂ ಉತ್ತರ ತಯಾರಿತ್ತು ನನ್ನ ಹತ್ತಿರ.

"ನನ್ನ ದನಿ ಸಮಾ ಇಲ್ಲ ಅಂತಲೇ ತಿಳ್ಕೊಂಡಿದ್ದೆ ನಾನು" ಎಂದಳು. ಇನ್ನೊಂದು ಮೀನಿನ ತಲೆ ಮುರಿದು, "ಆಗಲೇ ಹೇಳಿದ್ದಿದ್ರೆ ಮರುದಿನವೇ ಹೋಗಿ ನನ್ನ ಜಾಗ ಕೇಳ್ತಿದ್ದೆ ಲವೀನಾ. ಫ್ಲೋರಿನ್ ಹತ್ರ ಜಗಳ ಆಡಿಯಾದ್ರೂ ತಗೊಳ್ತಿದ್ದೆ."

ಅವಳು ಉಪ್ಪಿನ ಡಬ್ಬಿ ಕೇಳಿದಳು, ಕೊಟ್ಟೆ. ಅಷ್ಟು ಹೊತ್ತಿಗಾಗಲೇ ಅವಳಿಗೆ ಆಸ್ತಮಾ. ಮೆಟ್ಟಿಲು ಹತ್ತಿದರೆ ಮಾತಿಗೂ ಉಸಿರು ಸಾಲುತ್ತಿರಲಿಲ್ಲ. ಅವಳು ಹೋಗಿ ಈಗ ಮೂರು ವರ್ಷ.

ಚೌಕಾಸಿಯ ಬಗ್ಗೆ ಸಲಹೆ ಕೇಳಿ ನನ್ನ ಹತ್ತಿರ ಜನ ಬರುತ್ತಾರೆ, ಕೇಳದವರಿಗೂ ನಾನು ಹೇಳುತ್ತೇನೆ. ಇಲ್ಲಿಯೂ ಹೇಳುತ್ತೇನೆ, ಬಿಟ್ಟಿ. ನಿಮ್ಮ ಮನೆಯಲ್ಲಿ ಯಾರಾದರೂ ಗಾಯನವೃಂದಕ್ಕೆ ಹೋಗುವವರಿದ್ದರೆ, ಅವರು ಯಾವ ದನಿ ಎಂದು ಕೇಳಿಕೊಳ್ಳಿ. ಒಮ್ಮೆಯಾದರೂ ಅಭ್ಯಾಸದ ಹಾಲಿಗೆ ಹೋಗಿ ನಾಲ್ಕೂ ದನಿ ಕೂಡಿದ್ದನ್ನು ಕೇಳಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಬೇಡವೆಂದರೆ ಬಾಗಿಲಲ್ಲಾದರೂ ನಿಲ್ಲಿಸಿ. ನಡುವಿನ ದನಿಯವರು ಒಬ್ಬರೇ ಹಾಡಿದಾಗ ಚಪ್ಪೆ ಎನ್ನಿಸಿದರೆ ಅವರಿಗೆ ಮೋಸವಾಗಿದೆ ಎಂದು ಹೊರಡಬೇಡಿ. ಇನ್ನೊಬ್ಬರ ಪರವಾಗಿ ಬೆಲೆ ಮಾತಾಡುವ ಮೊದಲು ಅವರಿಗೆ ಬೇಕಾದದ್ದು ಏನು ಎಂದು ಅವರ ಬಾಯಿಂದಲೇ ಕೇಳಿ, ಮುಖ ನೋಡಿ ಅಂದಾಜು ಮಾಡಬೇಡಿ. ಆ ಅಂದಾಜು ಕುರ್ಚಿ ಮೇಜಿನ ವ್ಯಾಪಾರಕ್ಕೆ ಸಾಕು, ಮನೆಯವರ ವಿಷಯದಲ್ಲಿ ಸಾಲದು. ಕೇಳದೆ ಈಗಾಗಲೇ ಮಾತಾಡಿ ಬಂದಿದ್ದೀರಿ ಎಂದಾದರೆ, ಒಳ್ಳೆಯ ಸಮಯ ಬರಲಿ ಎಂದು ಕಾಯಬೇಡಿ, ಅವರ ಮುಖ ಅರಳಲಿ ಎಂದು ಕಾಯಬೇಡಿ. ಮುಂದಿನ ಅಭ್ಯಾಸ ಯಾವ ದಿನ ಎಂದು ನೋಡಿಕೊಳ್ಳಿ. ಅದಕ್ಕೆ ಮೊದಲು ಹೇಳಿಬಿಡಿ.